ಹತ್ತು ವರ್ಷದ ಮಾತು ಉಳಿಸಿಕೊಂಡ ಹಾಡು

ಮಾತು ಕೊಡುವ ಬಗ್ಗೆ ಇರುವ ಜಪಾನಿ ಹಾಡುಗಳ ನಿಮ್ಮ ಪಟ್ಟಿ ಚೆನ್ನಾಗಿದೆ. ಆದರೆ ಝೋನ್ ಬ್ಯಾಂಡಿನ 'ಸೀಕ್ರೆಟ್ ಬೇಸ್' ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಅದು ಸಾಲದು. ಜಪಾನಿನ ಸಪ್ಪೊರೊ ನಗರದ ಈ ಹುಡುಗಿಯರ ಬ್ಯಾಂಡ್ 2001ರ ಆಗಸ್ಟ್‌ನಲ್ಲಿ ತಂದ ಹಾಡು ಅದು. ಬೇಸಿಗೆ ರಜೆ ಮುಗಿಯುತ್ತದೆ, ಗೆಳೆಯರು ಬೇರೆಯಾಗುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಆಗಸ್ಟ್‌ನಲ್ಲಿ ಮತ್ತೆ ಸಿಗುತ್ತೇವೆ ಅನ್ನೋ ನಂಬಿಕೆ ಮಾತ್ರ ಉಳಿಯುತ್ತದೆ. 2005ರಲ್ಲಿ ಬ್ಯಾಂಡ್ ಚದುರಿತು. ಆದರೂ 2011ರ ಆಗಸ್ಟ್‌ನಲ್ಲಿ ಝೋನ್ ಮತ್ತೆ ವೇದಿಕೆ ಹತ್ತಿತು! ಹಾಡಿದ ಮಾತನ್ನೇ ನಡೆಸಿಕೊಟ್ಟ ಹಾಗಾಯಿತು, ಅಲ್ವಾ? ಇದನ್ನು ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಅದೇ ವರ್ಷ 'ಅನೊಹಾನಾ' ಅನ್ನೋ ಅನಿಮೆಯಲ್ಲಿ (ಜಪಾನಿ ಆ್ಯನಿಮೇಷನ್ ಸರಣಿಯಲ್ಲಿ) ಮೂವರು ಕಂಠದಾನ ಕಲಾವಿದೆಯರು ಇದನ್ನು ಹಾಡಿದರು. ಅದೂ ಸೊಗಸಾಗಿದೆ, ಆದರೆ ಮೂಲ ಹಾಡಿನ ಎಳೆ ದನಿಯೇ ನನಗೆ ಜಾಸ್ತಿ ಇಷ್ಟ.

ಪಟ್ಟಿಗೆ ಇನ್ನೊಂದು ಸೇರಿಸಿ: 2004ರ ಜಪಾನಿ ಆ್ಯನಿಮೇಷನ್ ಚಿತ್ರ 'ಹೌಲ್ಸ್ ಮೂವಿಂಗ್ ಕ್ಯಾಸಲ್'ನ 'ಸೆಕಾಯ್ ನೊ ಯಕುಸೊಕು', ಅಂದರೆ 'ಜಗತ್ತಿನ ಮಾತು'. ಬರೆದವರು ಕವಿ ತನಿಕಾವಾ ಶುಂತರೊ. ಚಿತ್ರದ ನಾಯಕಿ ಸೋಫಿಗೆ ದನಿ ಕೊಟ್ಟ ಬೈಶೊ ಚಿಯೆಕೊ ಅವರೇ ಹಾಡಿದ್ದಾರೆ. ಮಾತು ಕೊಟ್ಟವರು ಎದುರಿಗಿಲ್ಲ, ಆದರೂ ನಾಳೆ ಇದೆ ಅನ್ನೋ ಧೈರ್ಯ ಆ ದನಿಯಲ್ಲಿದೆ. ಮೊದಲು ಝೋನ್ ಕೇಳಿ, ಆಮೇಲೆ ಇದು.