ಅಮೆರಿಕ ಕಂಡುಹಿಡಿಯುವ ಸುಲಭ ವಿಧಾನ

ಕೊಲಂಬಸ್‌ಗಿಂತ ಮೊದಲೇ ಅಮೆರಿಕ ಮುಟ್ಟಬೇಕೆ? ಹಡಗು ಬೇಡ. ಒಂದು ಕಲ್ಲು, ಒಂದು ಉಳಿ, ಊರವರ ಅಭಿಮಾನ ಇಷ್ಟಿದ್ದರೆ ಸಾಕು. ಕೈಯಲ್ಲಿ ಕಾಸಿದ್ದರೆ ಕಲ್ಲೂ ಬೇಡ.

ಕಾಸಿನ ವಿಧಾನ ಮೊದಲು. ಎಬೆನ್ ಹಾರ್ಸ್‌ಫರ್ಡ್ ಹಾರ್ವರ್ಡ್‌ನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಆಮೇಲೆ ಬೇಕಿಂಗ್ ಪೌಡರ್‌ನಲ್ಲಿ ಬೇಕಾದಷ್ಟು ಸಂಪಾದಿಸಿದವರು. ಹಿಟ್ಟು ಉಬ್ಬಿಸಿದ ಕೈ ಇತಿಹಾಸವನ್ನು ಬಿಟ್ಟೀತೆ? ಸಾವಿರ ವರ್ಷದ ಹಿಂದಿನ ಉತ್ತರ ಯುರೋಪಿನ ಕಡಲಿಗ, ಅಂದರೆ ವೈಕಿಂಗ್, ಲೀಫ್ ಎರಿಕ್ಸನ್ ಬಂದಿಳಿದದ್ದು ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ, ಚಾರ್ಲ್ಸ್ ನದಿಯ ದಂಡೆಗೆ ಎಂದರು. ಮೇಷ್ಟ್ರ ಮನೆ ಇದ್ದದ್ದೂ ಅದೇ ಕೇಂಬ್ರಿಜ್‌ನಲ್ಲಿ. ಪಾಪ, ಓಡಾಟ ಉಳಿಯಿತು. 1887ರಲ್ಲಿ ಬಾಸ್ಟನ್‌ನಲ್ಲಿ ಲೀಫ್ ಪ್ರತಿಮೆ ಎದ್ದಿತು, 1889ರಲ್ಲಿ ವೆಸ್ಟನ್‌ನಲ್ಲಿ ಕಲ್ಲಿನ ಗೋಪುರ. ಪ್ರತಿಮೆಯ ಲೀಫ್ ಹಣೆಗೆ ಕೈ ಅಡ್ಡ ಹಿಡಿದು ಇವತ್ತಿಗೂ ಏನನ್ನೋ ಹುಡುಕುತ್ತಿದ್ದಾನೆ. ಪುರಾವೆ ಇರಬೇಕು.

ಕಲ್ಲಿನ ವಿಧಾನಕ್ಕೆ ಮಿನ್ನೆಸೋಟದ ಕೆನ್ಸಿಂಗ್ಟನ್ ಕಲ್ಲೇ ಮಾದರಿ. 1898ರಲ್ಲಿ ಸ್ವೀಡನ್ ಮೂಲದ ರೈತನೊಬ್ಬನ ಜಮೀನಿನಲ್ಲಿ, ಮರದ ಬೇರು ಅಪ್ಪಿಕೊಂಡಿದ್ದ ಸ್ಥಿತಿಯಲ್ಲಿ ಸಿಕ್ಕಿತಂತೆ. ತೂಕ ಸುಮಾರು 90 ಕಿಲೋ, ಮೈತುಂಬ ಉತ್ತರ ಯುರೋಪಿನ ಹಳೆಯ ರೂನ್ ಲಿಪಿ, ಇಸವಿ 1362. ಒಕ್ಕಣೆ ಇಷ್ಟು: 8 ಗೋಥರು (ದಕ್ಷಿಣ ಸ್ವೀಡನ್ನಿನವರು), 22 ನಾರ್ವೆಯವರು, ಮೀನು ಹಿಡಿದು ವಾಪಸಾದರೆ 10 ಮಂದಿ ರಕ್ತದಲ್ಲಿ ಸತ್ತು ಬಿದ್ದಿದ್ದಾರೆ. ಕೊಂದವರು ಎಲ್ಲೋ ಪೊದೆಯಲ್ಲೇ ಇದ್ದಿರಬಹುದು. ಉಳಿದವರು ಓಡಬೇಕಲ್ಲವೆ? ಇಲ್ಲ. ಕೂತು, ತಲೆ ಎಣಿಸಿ, ಸಾಲು ಸರಿಮಾಡಿ ಕೆತ್ತಿದರು!

ಕೆಡುವುದು ವ್ಯಾಕರಣದಲ್ಲಿ. 14ನೇ ಶತಮಾನದ ಸ್ವೀಡಿಷ್‌ನಲ್ಲಿ ‘ನಾವು’ ಬಂದರೆ ಕ್ರಿಯಾಪದವೂ ಬಹುವಚನವಾಗಬೇಕು. ಈ ಕಲ್ಲಿನಲ್ಲಿ ಆಗಿಲ್ಲ. 19ನೇ ಶತಮಾನದ ಆಡುಮಾತಿನ ಹಾಗೆ ಏಕವಚನದಲ್ಲೇ ನಿಂತಿದೆ. ಹೊಯ್ಸಳರ ಶಾಸನವೊಂದು ‘ರೈಟ್ ರೈಟ್, ಹೋಗೋಣ’ ಎಂದು ಮುಗಿದಂತೆ. ಆದರೇನು, ಪಕ್ಕದ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಕಲ್ಲಿಗೊಂದು ಮ್ಯೂಸಿಯಂ ಇದೆ.

ಕೆತ್ತಲು ಬಾರದವರು ನಿಂತ ಕಟ್ಟಡವನ್ನೇ ದತ್ತು ತೆಗೆದುಕೊಳ್ಳಬಹುದು. ರೋಡ್ ಐಲ್ಯಾಂಡ್‌ನ ನ್ಯೂಪೋರ್ಟ್ ಗೋಪುರ ವೈಕಿಂಗರದ್ದು ಎಂಬ ವಾದ 1830ರ ದಶಕದಿಂದ ನಡೆದಿದೆ. ಜಾಗದ ಯಜಮಾನ 1677ರ ಉಯಿಲಿನಲ್ಲಿ ಅದನ್ನು ‘ನನ್ನ ಕಲ್ಲಿನ ಗಾಳಿಗಿರಣಿ’ ಎಂದು ಬರೆದಿಟ್ಟಿದ್ದಾನೆ. ಯಜಮಾನನ ಮಾತಿಗೆ ಯಾವ ಊರಲ್ಲಿ ಬೆಲೆ ಇದೆ?

ನಿಜಕ್ಕೂ ಬಂದ ವೈಕಿಂಗರ ಕಥೆ ಮಾತ್ರ ಸಪ್ಪೆ. ಕೆನಡದ ನ್ಯೂಫೌಂಡ್‌ಲ್ಯಾಂಡ್‌ನ ಲಾನ್ಸ್ ಓ ಮೆಡೋಸ್‌ನಲ್ಲಿ 1960ರಲ್ಲಿ ಗುರುತಿಸಿದ್ದು ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳನ್ನು. ಅಗೆದರೆ ಸಿಕ್ಕಿದ್ದು ಕಬ್ಬಿಣದ ಕಿಟ್ಟ, ದೋಣಿಯ ಮೊಳೆ, ಕಂಚಿನ ಒಂದು ಪಿನ್ನು, ನೂಲುವ ಕದಿರಿನ ಬಿಲ್ಲೆ. ಒಂದಕ್ಷರ ಬರೆದಿಟ್ಟಿಲ್ಲ; ಎಂಥ ಬೇಜವಾಬ್ದಾರಿ ಜನ! ಇಸವಿಯನ್ನು ಕೊನೆಗೆ ಮರದ ತುಂಡೇ ಹೇಳಬೇಕಾಯಿತು. 993ರ ಸೌರ ಸ್ಫೋಟವೊಂದು ಮರದ ಉಂಗುರದಲ್ಲಿ ಇಂಗಾಲ-14ರ (ವಿಕಿರಣಶೀಲ ಇಂಗಾಲದ) ಗುರುತು ಬಿಟ್ಟಿತ್ತು. ಅಲ್ಲಿಂದ ತೊಗಟೆಯವರೆಗೆ ಎಣಿಸಿದರೆ 28 ಉಂಗುರ. ಮರಕ್ಕೆ ಲೋಹದ ಅಲಗು ಬಿದ್ದ ವರ್ಷ 1021.

ಅಲೆಕ್ಸಾಂಡ್ರಿಯದಲ್ಲಿ ನಿಂತಿರುವ ವೈಕಿಂಗ್ ಬೊಂಬೆ ‘ಬಿಗ್ ಓಲಿ’ಯ ಲೆಕ್ಕವೂ 28ಕ್ಕೇ ಬರುತ್ತದೆ. ಅಡಿಗಳಲ್ಲಿ. ಗುರಾಣಿಯ ಮೇಲಿನ ಬರಹ: ‘ಅಲೆಕ್ಸಾಂಡ್ರಿಯ, ಅಮೆರಿಕದ ಜನ್ಮಸ್ಥಳ’.