ಖಾಲಿ ಕುರ್ಚಿ, ತುಂಬಿದ ಕುರ್ಚಿ

ಯಾವುದಾದರೂ ಶಾಸಕರಿಗೋ ಸಂಸದರಿಗೋ ಶಿಕ್ಷೆಯಾದ ಮರುದಿನ ಇಲ್ಲಿ ಒಂದು ಮಾತು ತಪ್ಪದೇ ಕಾಣಿಸಿಕೊಳ್ಳುತ್ತದೆ: ‘ಬ್ರಿಟನ್ನಿನಲ್ಲಿ ಇರುವಂತೆ ಆರಿಸಿದವರನ್ನು ವಾಪಸ್ ಕರೆಸಿಕೊಳ್ಳುವ ಹಕ್ಕು ನಮಗೂ ಬೇಕು.’ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಬ್ರಿಟನ್ನಿನಲ್ಲಿ ಏನು ಇದೆ, ಏನು ಇಲ್ಲ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಬರೆದರೆ ಅರ್ಧ ಉತ್ಸಾಹ ಇಳಿದೀತು. ಇಳಿಯಲಿ, ಉಳಿದದ್ದು ಕೆಲಸಕ್ಕೆ ಬರುತ್ತದೆ.

ಪೀಟರ್‌ಬರೋ ಕಥೆಯನ್ನೇ ತೆಗೆದುಕೊಳ್ಳಿ. 2017ರ ಜೂನ್ ಚುನಾವಣೆಯಲ್ಲಿ ಲೇಬರ್ ಪಕ್ಷದ ಫಿಯೋನಾ ಒನಸಾನ್ಯಾ ಆ ಕ್ಷೇತ್ರವನ್ನು 607 ಮತಗಳ ಅಂತರದಲ್ಲಿ ಗೆದ್ದರು. ವೃತ್ತಿಯಿಂದ ಅವರು ವಕೀಲೆ. ಮರುತಿಂಗಳೇ, ಗಂಟೆಗೆ 30 ಮೈಲಿ ಮಿತಿಯ ರಸ್ತೆಯಲ್ಲಿ ಅವರ ಕಾರು 41 ಮೈಲಿ ವೇಗದಲ್ಲಿ ಹೋಗುತ್ತಿದ್ದುದು ಕ್ಯಾಮೆರಾದಲ್ಲಿ ಸೆರೆಯಾಯಿತು. ದಂಡ ಕಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬದಲಿಗೆ, ಕಾರು ಓಡಿಸುತ್ತಿದ್ದವರು ಬೇರೆಯವರು ಎಂದು ಪೊಲೀಸರಿಗೆ ಫಾರಂ ಹೋಯಿತು. ಅದರಲ್ಲಿ ಹೆಸರಿಸಿದ್ದ ವ್ಯಕ್ತಿ ಆ ದಿನ ರಷ್ಯಾದಲ್ಲಿದ್ದ! ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತಕ್ಕೆ ಬರಲಾಗಲಿಲ್ಲ. ಎರಡನೆಯ ವಿಚಾರಣೆಯಲ್ಲಿ, 2018ರ ಡಿಸೆಂಬರ್‌ನಲ್ಲಿ, ನ್ಯಾಯದ ಹಾದಿ ತಪ್ಪಿಸಿದ ಅಪರಾಧ ಸಾಬೀತಾಯಿತು. ಪಕ್ಷ ಅವರನ್ನು ಹೊರಹಾಕಿತು. ಜನವರಿಯಲ್ಲಿ ಮೂರು ತಿಂಗಳ ಜೈಲು ಶಿಕ್ಷೆಯಾಯಿತು.

ಬ್ರಿಟನ್ನಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಸಂಸದ ಸ್ಥಾನ ತಾನಾಗಿಯೇ ಹೋಗುತ್ತದೆ. ಮೂರು ತಿಂಗಳಿಗೆ ಹೋಗುವುದಿಲ್ಲ. ಹಾಗಾಗಿ ಅವರು ಜೈಲಿನಲ್ಲಿದ್ದಾಗಲೂ ಸಂಸದೆಯೇ, ಸಂಬಳವೂ ಚಾಲ್ತಿಯಲ್ಲಿತ್ತು. ಸುಮಾರು ನಾಲ್ಕು ವಾರಗಳ ನಂತರ ಬಿಡುಗಡೆಯಾಗಿ ಬಂದರು, ಸಂಸತ್ತಿಗೂ ಹೋದರು. 2019ರ ಏಪ್ರಿಲ್ 3ರಂದು, ಒಪ್ಪಂದವಿಲ್ಲದೆ ಐರೋಪ್ಯ ಒಕ್ಕೂಟದಿಂದ ಹೊರಬೀಳುವುದನ್ನು ತಡೆಯುವ ಮಸೂದೆ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ 313–312 ಮತಗಳಿಂದ, ಅಂದರೆ ಒಂದೇ ಮತದ ಅಂತರದಿಂದ, ಅಂಗೀಕಾರವಾಯಿತಲ್ಲ, ಪರವಾಗಿ ಬಿದ್ದ ಮತಗಳಲ್ಲಿ ಅವರದೂ ಒಂದು. ಆ ಹೊತ್ತಿಗೆ ಅವರನ್ನು ವಾಪಸ್ ಕರೆಸಿಕೊಳ್ಳುವ ಅರ್ಜಿಗೆ ಕ್ಷೇತ್ರದಲ್ಲಿ ಸಹಿ ಬೀಳುತ್ತಿತ್ತು. ಇದನ್ನು ಓದಿದ ನಮ್ಮ ಕಡೆಯವರು ಮೂಗು ಮುರಿಯುತ್ತಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಸ್ಥಾನ ಇರುವವರೆಗೆ ಅದು ಇರಬೇಕು, ಅರೆಬರೆ ಸಂಸದ ಎಂಬ ಸ್ಥಿತಿ ಯಾರಿಗೂ ಒಳ್ಳೆಯದಲ್ಲ.

ಆ ಅರ್ಜಿಯ ಕ್ರಮ ಹೀಗಿದೆ. 2009ರಲ್ಲಿ ಸಂಸದರ ಖರ್ಚುವೆಚ್ಚದ ಹಗರಣ ಬಯಲಾದ ಮೇಲೆ ಎದ್ದ ಗಲಾಟೆಯ ಫಲವಾಗಿ 2015ರಲ್ಲಿ ಬಂದ ಕಾಯ್ದೆ ಇದು. ಬಾಗಿಲುಗಳು ಮೂರೇ ಮೂರು: ಜೈಲು ಶಿಕ್ಷೆಯಾಗಬೇಕು (ಅಮಾನತಿನಲ್ಲಿಟ್ಟ ಶಿಕ್ಷೆಯೂ ಸೇರಿ), ಇಲ್ಲವೇ ನೀತಿ ಸಮಿತಿಯ ವರದಿಯ ಮೇಲೆ ಸದನವು ಕನಿಷ್ಠ ಹತ್ತು ಕಲಾಪದ ದಿನ ಅಮಾನತು ಮಾಡಬೇಕು, ಇಲ್ಲವೇ ಭತ್ಯೆಗೆ ಸುಳ್ಳು ಲೆಕ್ಕ ಕೊಟ್ಟ ಅಪರಾಧ ಸಾಬೀತಾಗಬೇಕು. ಶಿಕ್ಷೆಯ ವಿಷಯದಲ್ಲಿ ಮೇಲ್ಮನವಿ ಮುಗಿಯುವವರೆಗೆ ಕಾಯಬೇಕು. ಆಮೇಲೆ ಸ್ಪೀಕರ್ ಸ್ಥಳೀಯ ಅಧಿಕಾರಿಗೆ ತಿಳಿಸುತ್ತಾರೆ, ಆರು ವಾರ ಸಹಿ ಸಂಗ್ರಹ ನಡೆಯುತ್ತದೆ. ಕ್ಷೇತ್ರದ ಮತದಾರರಲ್ಲಿ ಶೇಕಡಾ 10ರಷ್ಟು ಜನ ಸಹಿ ಹಾಕಿದರೆ ಸ್ಥಾನ ಖಾಲಿ, ಉಪಚುನಾವಣೆ. ಕೊಟ್ಟ ಮಾತು ತಪ್ಪಿದರು, ಕ್ಷೇತ್ರದ ಕಡೆ ತಲೆಹಾಕಲಿಲ್ಲ, ಪಕ್ಷ ಬದಲಿಸಿದರು ಎಂದು ಕರೆಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ. ನಮ್ಮ ಉತ್ಸಾಹಿಗಳು ಕೇಳುತ್ತಿರುವುದು ಅದನ್ನೇ! ಅಂಥ ವಿಶಾಲ ಬಾಗಿಲು ಬೇಕೆಂದು ಜಾಕ್ ಗೋಲ್ಡ್‌ಸ್ಮಿತ್ ಎಂಬ ಸಂಸದರು 2014ರಲ್ಲಿ ತಿದ್ದುಪಡಿ ತಂದಾಗ ಕಾಮನ್ಸ್ ಅದನ್ನು 340–166ರಿಂದ ತಳ್ಳಿಹಾಕಿತು. ಸರಿಯಾಗಿಯೇ ತಳ್ಳಿಹಾಕಿತು ಎನ್ನುವುದು ನನ್ನ ಅಭಿಪ್ರಾಯ. ಚುನಾವಣೆಯಲ್ಲಿ ಸೋತ ಅಭ್ಯರ್ಥಿಗೆ ಮರುದಿನವೇ ಸಹಿ ಸಂಗ್ರಹಕ್ಕೆ ಇಳಿಯುವ ಅವಕಾಶ ಕೊಟ್ಟರೆ ಗೆದ್ದವರು ಐದು ವರ್ಷ ಅದರ ಹಿಂದೆಯೇ ಇರಬೇಕಾಗುತ್ತದೆ.

ಪೀಟರ್‌ಬರೋದಲ್ಲಿ ಮೇಲ್ಮನವಿಗೆ ಅನುಮತಿ ನಿರಾಕರಣೆಯಾದದ್ದು ಮಾರ್ಚ್ 5ರಂದು, ಸಹಿ ಶುರುವಾದದ್ದು ಮಾರ್ಚ್ 19ರಂದು. ಬೇಕಿದ್ದದ್ದು 6,967 ಸಹಿ. ಬಿದ್ದದ್ದು 19,261, ಅಂದರೆ ಶೇಕಡಾ 27ಕ್ಕೂ ಹೆಚ್ಚು. ಈ ಕಾಯ್ದೆಯಡಿ ಸ್ಥಾನ ಕಳೆದುಕೊಂಡ ಮೊದಲ ಸಂಸದೆ ಅವರು. ಉಪಚುನಾವಣೆಗೆ ಅವರು ನಿಲ್ಲಲಿಲ್ಲ. ಜೂನ್ 6ರಂದು ಅದೇ ಲೇಬರ್ ಪಕ್ಷ 683 ಮತಗಳಿಂದ ಮತ್ತೆ ಗೆದ್ದಿತು, ಎರಡನೆಯ ಸ್ಥಾನಕ್ಕೆ ಬಂದದ್ದು ಹುಟ್ಟಿ ಕೆಲವೇ ತಿಂಗಳಾಗಿದ್ದ ಬ್ರೆಕ್ಸಿಟ್ ಪಕ್ಷ. ಜನ ಒಬ್ಬರನ್ನು ಬೇಡವೆಂದರು, ಅವರ ಹಿಂದಿನ ಪಕ್ಷವನ್ನು ಕಷ್ಟಪಟ್ಟು ಉಳಿಸಿಕೊಂಡರು. ಎರಡೂ ಬೇರೆ ಬೇರೆ ತೀರ್ಮಾನ, ಎರಡಕ್ಕೂ ಬೇರೆ ಬೇರೆ ದಿನ ಸಿಕ್ಕಿತು. ನನಗೆ ಇಷ್ಟವಾದ ಭಾಗ ಇದೇ.

ಅದೇ ವರ್ಷ ವೇಲ್ಸ್‌ನ ಬ್ರೆಕನ್ ಮತ್ತು ರಾಡ್ನರ್‌ಶೈರ್‌ನಲ್ಲಿ ಇನ್ನೊಂದು ನಡೆಯಿತು. ಕನ್ಸರ್ವೇಟಿವ್ ಸಂಸದ ಕ್ರಿಸ್ ಡೇವಿಸ್ ಕಚೇರಿಯ ಗೋಡೆಗೆ ತೂಗುಹಾಕುವ ಚಿತ್ರಗಳ ಖರ್ಚಿಗೆ ಸುಳ್ಳು ಬಿಲ್ ಕೊಟ್ಟಿದ್ದರು. ಮೊತ್ತ 700 ಪೌಂಡ್. ತಪ್ಪೊಪ್ಪಿಕೊಂಡರು, 1,500 ಪೌಂಡ್ ದಂಡ ಬಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಸಹಿ ಬಿದ್ದು ಸ್ಥಾನ ಹೋಯಿತು. ಪಕ್ಷ ಅವರಿಗೇ ಮತ್ತೆ ಟಿಕೆಟ್ ಕೊಟ್ಟಿತು! ಕಾನೂನು ಅದನ್ನು ತಡೆಯುವುದಿಲ್ಲ. ಆಗಸ್ಟ್ 1ರಂದು 1,425 ಮತಗಳಿಂದ ಸೋತರು, ಬೋರಿಸ್ ಜಾನ್ಸನ್ ಸರ್ಕಾರದ ಬಹುಮತ ಒಂದಕ್ಕೆ ಇಳಿಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಬ್ರಿಟನ್ನಿನವರು ಬುದ್ಧಿವಂತರು ಎಂದಾಗುತ್ತದೆ. ಆದರೆ ಈ ಕಾಯ್ದೆಯಲ್ಲಿ ಒಂದು ದೊಡ್ಡ ಕೊರತೆ ಇದೆ. ಸಹಿ ಹಾಕುವ ಜಾಗಕ್ಕೆ ಹೋದವರಿಗೆ ‘ಬೇಡ, ಇವರೇ ಇರಲಿ’ ಎನ್ನುವ ಆಯ್ಕೆಯೇ ಇಲ್ಲ. ಆ ಬಾಗಿಲು ದಾಟಿದರೆ ಸಂಸದರ ವಿರುದ್ಧ ಎಂದೇ ಅರ್ಥ. ಅಂಚೆಯ ಮೂಲಕ ಸಹಿ ಹಾಕಬಹುದು, ನಿಜ. ಆದರೂ ಗುಪ್ತ ಮತದಾನದ ರಕ್ಷಣೆ ಇಲ್ಲಿ ಪೂರ್ತಿಯಾಗಿ ಇಲ್ಲ. 2018ರಲ್ಲಿ ಉತ್ತರ ಐರ್ಲೆಂಡಿನ ನಾರ್ತ್ ಆಂಟ್ರಿಮ್‌ನಲ್ಲಿ ಇಯಾನ್ ಪೇಸ್ಲಿ ವಿರುದ್ಧ ಸಹಿ ನಡೆಯಿತು. ಶ್ರೀಲಂಕಾ ಸರ್ಕಾರದ ಖರ್ಚಿನಲ್ಲಿ ಕುಟುಂಬದ ಜೊತೆ ರಜೆ ಕಳೆದದ್ದನ್ನು ಘೋಷಿಸಿರಲಿಲ್ಲ ಎಂದು ಸದನ ಅವರನ್ನು ಅಮಾನತು ಮಾಡಿತ್ತು. ಹತ್ತು ಸಹಿ ಕೇಂದ್ರಗಳಿಗೆ ಅವಕಾಶವಿದ್ದರೂ ತೆರೆದದ್ದು ಮೂರು. ಬಿದ್ದ ಸಹಿ 7,099. ಕಡಿಮೆಯಾದದ್ದು 444. ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಪರಿಚಯವಿರುವ ಊರುಗಳಲ್ಲಿ ಎಷ್ಟು ಜನ ಆ ಮೆಟ್ಟಿಲು ಹತ್ತಲು ಹಿಂಜರಿದರೋ, ಲೆಕ್ಕ ಹಾಕುವುದು ಹೇಗೆ?

ಈಗ ನಮ್ಮ ಹಳ್ಳಿಗೆ ಬನ್ನಿ. ಪಂಚಾಯಿತಿ ಕಟ್ಟಡದಲ್ಲಿ ಆರು ವಾರ ಒಂದು ಮೇಜು. ಯಾರು ಒಳಗೆ ಹೋದರು ಎಂದು ಎದುರಿನ ಚಹಾ ಅಂಗಡಿಯವರಿಗೆ ಗೊತ್ತು, ಸಂಜೆಯೊಳಗೆ ಸಂಸದರ ಕಡೆಯವರಿಗೂ ಗೊತ್ತು. ಪಡಿತರ, ಪಿಂಚಣಿ, ಮನೆ ಮಂಜೂರಾತಿ ಎಲ್ಲದಕ್ಕೂ ಯಾರದೋ ಕೈ ಕಾಯುವವರು ಅಲ್ಲಿ ಸಹಿ ಹಾಕುತ್ತಾರೆಯೇ? ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಸರಾಸರಿ 17–18 ಲಕ್ಷ ಮತದಾರರಿದ್ದಾರೆ. ಶೇಕಡಾ 10 ಎಂದರೆ ಒಂದೂಮುಕ್ಕಾಲು ಲಕ್ಷ ಸಹಿ. ಅಷ್ಟನ್ನು ಒಟ್ಟುಮಾಡುವ ಶಕ್ತಿ ಇರುವುದು ದುಡ್ಡಿರುವ ಎದುರಾಳಿಗೆ ಮಾತ್ರ.

ಹಾಗೆಂದು ಇರುವುದೇ ಸಾಕು ಎನ್ನಲೂ ಆಗುವುದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೆಯ ಕಲಂ ಪ್ರಕಾರ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅನರ್ಹತೆ. ಕೆಲವು ಅಪರಾಧಗಳಿಗೆ ದಂಡವಷ್ಟೇ ಆದರೂ ಸಾಕು. ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುವ ಸೌಲಭ್ಯವನ್ನು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ತೆಗೆದುಹಾಕಿತು. ಒಳ್ಳೆಯ ತೀರ್ಪೇ. ಆದರೆ ಅಂದಿನಿಂದ ಇಡೀ ವ್ಯವಹಾರ ನ್ಯಾಯಾಲಯ ಮತ್ತು ಸದನದ ಸಚಿವಾಲಯದ ನಡುವೆಯೇ ಮುಗಿಯುತ್ತದೆ, ಮತದಾರನಿಗೆ ಸುದ್ದಿ ತಲುಪುತ್ತದೆ ಅಷ್ಟೆ. ರಾಹುಲ್ ಗಾಂಧಿ ಕೋಲಾರದಲ್ಲಿ ‘ಮೋದಿ’ ಉಪನಾಮದ ಬಗ್ಗೆ, ಮಾನನಷ್ಟ ಮೊಕದ್ದಮೆಗೆ ಕಾರಣವಾದ ಆ ಭಾಷಣ ಮಾಡಿದ್ದು 2019ರ ಏಪ್ರಿಲ್ 13ರಂದು (ಪೀಟರ್‌ಬರೋದಲ್ಲಿ ಸಹಿ ನಡೆಯುತ್ತಿದ್ದ ಅದೇ ದಿನಗಳು, ಕಾಕತಾಳೀಯ). ಸೂರತ್ ನ್ಯಾಯಾಲಯ 2023ರ ಮಾರ್ಚ್ 23ರಂದು ಸರಿಯಾಗಿ ಎರಡು ವರ್ಷ ಶಿಕ್ಷೆ ಕೊಟ್ಟಿತು, ಮರುದಿನ ಸ್ಥಾನ ಹೋಯಿತು. ಆಗಸ್ಟ್ 4ರಂದು ತಡೆ, 7ರಂದು ಸ್ಥಾನ ವಾಪಸ್. ಶಿಕ್ಷೆ ಒಂದು ದಿನ ಕಡಿಮೆಯಾಗಿದ್ದರೂ ಅನರ್ಹತೆ ಬರುತ್ತಿರಲಿಲ್ಲ ಎಂದು ಸುಪ್ರೀಂ ಕೋರ್ಟೇ ಗಮನಿಸಿತು. ಅವರ ಕ್ಷೇತ್ರವಾಗಿದ್ದ ವಯನಾಡಿನ ಜನರನ್ನು ಈ ನಾಲ್ಕೂವರೆ ತಿಂಗಳಲ್ಲಿ ಯಾರೂ ಏನೂ ಕೇಳಲಿಲ್ಲ. ಲಕ್ಷದ್ವೀಪದಲ್ಲಿ ಸಂಸದ ಮೊಹಮ್ಮದ್ ಫೈಜಲ್ ಅವರಿಗೆ ಶಿಕ್ಷೆಯಾಗಿ ಸ್ಥಾನ ಹೋದಾಗ ಉಪಚುನಾವಣೆಯ ದಿನಾಂಕವೇ ಪ್ರಕಟವಾಗಿ, ಹೈಕೋರ್ಟ್ ತಡೆ ಕೊಟ್ಟ ಮೇಲೆ ನಿಂತುಹೋಯಿತು. ನಮ್ಮ ಗಂಗಾವತಿಯಲ್ಲೂ ಅದೇ ಆಯಿತು: 2025ರ ಮೇ ತಿಂಗಳಲ್ಲಿ ಜನಾರ್ದನ ರೆಡ್ಡಿಯವರಿಗೆ ಏಳು ವರ್ಷ ಶಿಕ್ಷೆ, ಶಾಸಕ ಸ್ಥಾನ ರದ್ದು, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆದೇಶ, ಸ್ಥಾನ ವಾಪಸ್. ಈ ಮೂವರ ಪ್ರಕರಣಗಳನ್ನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ, ನೀವೂ ಇಡಬೇಡಿ. ನಾನು ಹೇಳುತ್ತಿರುವುದು ಕ್ಷೇತ್ರದವರ ಗತಿ.

ಮೇಲ್ಮನವಿ ಮುಗಿಯುವವರೆಗೆ ಕಾಯುವ ಬ್ರಿಟನ್ನಿನ ಕ್ರಮವನ್ನು ನಕಲು ಮಾಡಿದರೆ ಇಲ್ಲಿ ಅವಧಿಯೇ ಮುಗಿದುಹೋಗುತ್ತದೆ. ಅಲ್ಲಿ ಜನವರಿಯ ಶಿಕ್ಷೆಗೆ ಮಾರ್ಚ್‌ನಲ್ಲಿ ಉತ್ತರ ಸಿಕ್ಕಿತು, ನಮ್ಮಲ್ಲಿ ಯಾವ ವರ್ಷದ ಮಾರ್ಚ್ ಎಂದು ಕೇಳಬೇಕು. ಹಾಗಾಗಿ ಮೊದಲ ಬೇಡಿಕೆ ಹೈಕೋರ್ಟಿನ ಮುಂದೆ ಇರಬೇಕು: ಶಿಕ್ಷೆಯಾದ ಜನಪ್ರತಿನಿಧಿಯ ಮೇಲ್ಮನವಿ ಆರು ತಿಂಗಳಲ್ಲಿ ತೀರ್ಮಾನವಾಗಬೇಕು. ಅಲ್ಲಿ ಎರಡು ವರ್ಷ ಉಳಿದರೆ ಈಗಿನಂತೆಯೇ ಸ್ಥಾನ ಹೋಗಲಿ. ಅದಕ್ಕಿಂತ ಕಡಿಮೆ ಶಿಕ್ಷೆ ಉಳಿದರೆ, ಈಗ ಆ ಸಂಸದರು ಏನೂ ಆಗದವರಂತೆ ಓಡಾಡುತ್ತಾರಲ್ಲ, ಅಲ್ಲಿ ಕ್ಷೇತ್ರವನ್ನು ಕೇಳಬೇಕು.

ಕೇಳುವ ವಿಧಾನಕ್ಕೆ ಲಂಡನ್ನಿಗೆ ಹೋಗಬೇಕಾಗಿಲ್ಲ. ಮಧ್ಯಪ್ರದೇಶದ ನಗರಸಭೆಗಳಲ್ಲಿ ಅಧ್ಯಕ್ಷರನ್ನು ವಾಪಸ್ ಕರೆಸಿಕೊಳ್ಳುವ ಮತದಾನ ಎರಡು ದಶಕಗಳ ಹಿಂದೆಯೇ ನಡೆದಿದೆ. ನಾಲ್ಕನೇ ಮೂರು ಪಾಲು ಸದಸ್ಯರು ಪ್ರಸ್ತಾವ ತಂದರೆ ಜನರ ಮುಂದೆ ಎರಡು ಚಿಹ್ನೆಗಳು: ಖಾಲಿ ಕುರ್ಚಿ, ತುಂಬಿದ ಕುರ್ಚಿ. ಗುಪ್ತ ಮತದಾನ. ಇರಲಿ ಎನ್ನುವವರೂ ಬೇಡ ಎನ್ನುವವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಸಾಲು ನೋಡಿ ಯಾರು ಯಾವ ಕಡೆ ಎಂದು ಹೇಳಲಾಗದು.

‘ಜಾತಿ ನೋಡಿ, ದುಡ್ಡು ತೆಗೆದುಕೊಂಡು ಅವರನ್ನೇ ಉಳಿಸಿಕೊಳ್ಳುತ್ತಾರೆ’ ಎಂಬ ಆಕ್ಷೇಪ ಬಂದೇ ಬರುತ್ತದೆ. 2019ರ ಡಿಸೆಂಬರ್ ಉಪಚುನಾವಣೆಯನ್ನು ನಾವು ಮರೆತಿಲ್ಲ. ಪಕ್ಷಾಂತರದ ಕಾರಣಕ್ಕೆ ಅನರ್ಹಗೊಂಡಿದ್ದ ಕರ್ನಾಟಕದ 13 ಶಾಸಕರನ್ನು ಬಿಜೆಪಿ ನಿಲ್ಲಿಸಿತು, 11 ಮಂದಿ ಗೆದ್ದು ಬಂದರು. ಆ ಫಲಿತಾಂಶ ನನಗೆ ಹಿಡಿಸಲಿಲ್ಲ. ಆದರೂ ಹೊಸಕೋಟೆ ಮತ್ತು ಹುಣಸೂರಿನವರು ಬೇರೆ ಉತ್ತರ ಕೊಟ್ಟರು, ಹಾಗೆ ಕೊಡಲು ಅವರಿಗೊಂದು ದಿನ ಸಿಕ್ಕಿತ್ತು. ಶಿಕ್ಷೆಯಾದ ಸಂಸದರನ್ನು ಕ್ಷೇತ್ರವೇ ಉಳಿಸಿಕೊಂಡರೆ ನಾನು ಒಂದು ವಾರ ಬೈಯುತ್ತೇನೆ, ಒಪ್ಪಿಕೊಳ್ಳುತ್ತೇನೆ. ಸಚಿವಾಲಯದ ಅಧಿಸೂಚನೆಯೊಂದು ಉಳಿಸಿಕೊಟ್ಟರೆ ಒಪ್ಪಿಕೊಳ್ಳುವುದು ಕಷ್ಟ.