ಮನೆಯಿಂದ ಕೆಲಸ: ಅಂಗವಿಕಲ ನೌಕರರ ಕಾನೂನುಬದ್ಧ ಹಕ್ಕಾಗಬೇಕೆ?

ಪರ

ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಓಡಾಡುವ ಬಹಳಷ್ಟು ಜನ ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕಿಕೊಂಡು ಮೂತ್ರ ತೆಗೆಯಬೇಕಾಗುತ್ತದೆ. ಅದಕ್ಕೆ ಸೋಪು, ನೀರು, ಕುರ್ಚಿ ಒಳಗೆ ತಿರುಗುವಷ್ಟು ಅಗಲವಾದ ಚೊಕ್ಕಟ ಶೌಚಾಲಯ ಬೇಕು. ಆಗಾಗ ತೋಳುಗಳ ಮೇಲೆ ಭಾರ ಹಾಕಿ ಮೈಯನ್ನು ಕುರ್ಚಿಯಿಂದ ಮೇಲೆತ್ತದಿದ್ದರೆ ಕೂತ ಜಾಗದಲ್ಲಿ ಹುಣ್ಣು ಏಳುತ್ತದೆ. ಆ ಭಾಗಕ್ಕೆ ಸ್ಪರ್ಶಜ್ಞಾನ ಇಲ್ಲದಿರುವುದರಿಂದ ಹುಣ್ಣು ಆಳಕ್ಕಿಳಿಯುವವರೆಗೆ ನೋವೇ ಗೊತ್ತಾಗುವುದಿಲ್ಲ, ಮಾಯುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ಕಚೇರಿಯ ಶೌಚಾಲಯದ ಬಾಗಿಲು ಕಿರಿದು ಎಂಬ ಒಂದೇ ಕಾರಣಕ್ಕೆ ಬೆಳಗ್ಗಿನಿಂದ ನೀರು ಮುಟ್ಟದೆ ದುಡಿದು, ಮೂತ್ರದ ಸೋಂಕಿನಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿದವರನ್ನು ನಾನು ಬಲ್ಲೆ.

ಹೊರಗೆ ಕಾಣದ ಕಾಯಿಲೆಗಳವರ ಪಾಡೂ ಇದೇ. ರುಮಟಾಯ್ಡ್ ಸಂಧಿವಾತ ಇರುವವರ ಬೆರಳುಗಳು ಬೆಳಗ್ಗೆ ಎದ್ದಾಗ ಗಂಟೆಗೂ ಮೀರಿ ಬಿಗಿದುಕೊಂಡಿರುತ್ತವೆ. ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದ ಆ ಹೊತ್ತಿನಲ್ಲೇ ಅವರು ಬಸ್ಸು ಹಿಡಿಯಬೇಕು, ಆದರೆ ಹನ್ನೊಂದು ಗಂಟೆಯ ವೇಳೆಗೆ ಅದೇ ಬೆರಳುಗಳು ಕೀಲಿಮಣೆಯ ಮೇಲೆ ಸರಾಗವಾಗಿ ಆಡುತ್ತಿರುತ್ತವೆ. ಮೂತ್ರಪಿಂಡ ಸೋತು ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರು ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಸುಮಾರು ಅರ್ಧ ಗಂಟೆ, ಶುಚಿಯಾದ ಕೋಣೆಯಲ್ಲಿ ಕೂತು ದ್ರವ ಬದಲಿಸಿಕೊಳ್ಳಬೇಕು. ಕೆಲಸ ಮಾಡುವ ಶಕ್ತಿ ಇವರಲ್ಲಿದೆ. ಆ ಶಕ್ತಿಯೆಲ್ಲ ಮೇಜು ತಲುಪುವಷ್ಟರಲ್ಲೇ ಸೋರಿಹೋಗುವಂತೆ ನಾವು ಮಾಡಿದ್ದೇವೆ.

1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅವನ್ನು 21ಕ್ಕೆ ಏರಿಸಿ, ಸಮಂಜಸವಾದ ಹೊಂದಾಣಿಕೆಯನ್ನು, ಅಂದರೆ ಅಂಗವಿಕಲರು ಇತರರಂತೆ ಪಾಲ್ಗೊಳ್ಳಲು ಬೇಕಾದ ಬದಲಾವಣೆ ಮಾಡಿಕೊಡುವುದನ್ನು, ನಿರಾಕರಿಸುವುದೂ ತಾರತಮ್ಯವೇ ಎಂದಿತು. ಅಂಥ ಹೊಂದಾಣಿಕೆ ಆಯಾ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಇರಬೇಕೆಂದು 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ಮನೆಯಿಂದ ಕೆಲಸದ ಪ್ರಸ್ತಾಪ ಆ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಲ್ಲಿ ಅದಿತ್ತು. ವಿಶೇಷ ಆರ್ಥಿಕ ವಲಯಗಳ ನಿಯಮಗಳಿಗೆ 2022ರಲ್ಲಿ ಆದ ಸೇರ್ಪಡೆಯಲ್ಲಿ ತಾತ್ಕಾಲಿಕವಾಗಿ ಅಶಕ್ತರಾದ ನೌಕರರಿಗಾಗಿಯೂ ಅದಿತ್ತು. ಆ ಎರಡು ಕಡೆಯೂ ಅದು ಉದ್ಯೋಗದಾತರ ಒಪ್ಪಿಗೆಗೆ ಬಿಟ್ಟ ವಿಷಯವಾಗಿತ್ತು.

ಒಪ್ಪಿಗೆ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಕೊರೊನಾ ಕಾಲ ತೋರಿಸಿಕೊಟ್ಟಿತು. ಅಂಗವಿಕಲರು ಕೇಳಿದಾಗ ವರ್ಷಗಟ್ಟಲೆ ಸಾಧ್ಯವಿಲ್ಲ ಎನ್ನುತ್ತಿದ್ದ ಕಂಪನಿಗಳು 2020ರ ಮಾರ್ಚ್‌ನಲ್ಲಿ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಮನೆಗೆ ಕಳಿಸಿ ಕೆಲಸ ನಡೆಸಿದವು; ತಮ್ಮ ಅಗತ್ಯ ಮುಗಿದ ಮೇಲೆ ಎಲ್ಲರನ್ನೂ ವಾಪಸು ಕರೆದವು. ಆದ್ದರಿಂದ ನೌಕರ ಕೇಳಿದಾಗ, ಆ ಕೆಲಸ ಮನೆಯಿಂದ ಆಗುವಂಥದ್ದಾದರೆ, ಅನುಮತಿ ಕೊಡಲೇಬೇಕು. ಕೊಡದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು, ಅದರ ಮೇಲೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಮೇಲ್ಮನವಿ ಹೋಗುವಂತಿರಬೇಕು. 21ರ ಪಟ್ಟಿಯಲ್ಲಿ ಹೆಸರಿಲ್ಲದ ಮೂತ್ರಪಿಂಡ ವೈಫಲ್ಯದಂಥ ಕಾಯಿಲೆಗಳಿಗೂ ವೈದ್ಯರ ಪ್ರಮಾಣಪತ್ರದ ಆಧಾರದ ಮೇಲೆ ಇದು ಅನ್ವಯಿಸಬೇಕು.

ವಿರೋಧ

ಮೇಲೆ ಹೇಳಿದ ಕಷ್ಟಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಕೇಳಿದವರಿಗೆ ಮನೆಯಿಂದ ಕೆಲಸ ಸಿಗಲಿ ಎಂದೇ ನನ್ನ ಆಸೆ. ಆದರೆ ಅದನ್ನು ಪ್ರತ್ಯೇಕ ಹಕ್ಕೆಂದು ಕಾಯ್ದೆಯಲ್ಲಿ ಬರೆದರೆ, ಆ ಕಿರಿದಾದ ಬಾಗಿಲನ್ನು ಅಗಲ ಮಾಡಿಸುವ ಹೊಣೆ ಉದ್ಯೋಗದಾತರ ತಲೆಯಿಂದ ಇಳಿದುಹೋಗುತ್ತದೆ.

ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಅಂಗವಿಕಲರು ಬಳಸುವಂತೆ ಮಾರ್ಪಡಿಸಲು 2016ರ ಕಾಯ್ದೆಯ 45ನೇ ಸೆಕ್ಷನ್, ನಿಯಮಗಳು ಹೊರಬಿದ್ದಂದಿನಿಂದ ಐದು ವರ್ಷಗಳ ಗಡುವು ಕೊಟ್ಟಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಐದು ವರ್ಷಗಳು 2022ಕ್ಕೆ ತುಂಬಿದವು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪು ಕೊಡುವಾಗಲೂ ಸುಪ್ರೀಂ ಕೋರ್ಟ್, ಈ ಕುರಿತ 15ನೇ ನಿಯಮ ಬರೀ ಮಾರ್ಗಸೂಚಿಗಳನ್ನು ಒಡ್ಡಿ ಕಡ್ಡಾಯವೇನನ್ನೂ ಹೇಳದ ಕಾರಣ ಕಾಯ್ದೆಗೇ ವಿರುದ್ಧವಾಗಿದೆ ಎಂದು ಸಾರಿ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸಲು ಕೇಂದ್ರ ಸರ್ಕಾರಕ್ಕೆ ಆದೇಶಿಸಬೇಕಾಯಿತು. ಇಷ್ಟು ಕಾನೂನಿದ್ದೂ ರ‍್ಯಾಂಪು, ಲಿಫ್ಟುಗಳಿಗೆ ಹೀಗೆ ಕಾಯಬೇಕಾಗಿರುವಾಗ, ಅವುಗಳಿಗಿಂತ ಎಷ್ಟೋ ಅಗ್ಗವಾದ ಒಂದು ಲ್ಯಾಪ್‌ಟಾಪ್ ಕೊಟ್ಟು ಕಾಯ್ದೆಯನ್ನು ಪಾಲಿಸಿದೆವು ಎನ್ನುವ ದಾರಿಯನ್ನು ನಾವೇ ತೆರೆದುಕೊಡಬೇಕೆ? ಸಂದರ್ಶನದಲ್ಲಿ ‘ನಿಮಗೆ ಮನೆಯಿಂದಲೇ ಅನುಕೂಲ ಅಲ್ಲವೇ’ ಎಂದು ಅಕ್ಕರೆಯಿಂದಲೇ ಕೇಳುತ್ತಾರೆ. ಕೆಲಸ ಬೇಕಾದವರು ಇಲ್ಲ ಎನ್ನುವುದು ಸುಲಭವಲ್ಲ.

ಮನೆ ಎಲ್ಲರಿಗೂ ಆಸರೆಯೂ ಅಲ್ಲ. ಅಂಗವಿಕಲ ಹೆಣ್ಣುಮಗಳು ಮನೆಯಲ್ಲಿ ಕೂತು ದುಡಿದರೆ ಅದನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯುವ ಮನೆಗಳು ಕಡಿಮೆ. ಮೀಟಿಂಗಿನ ನಡುವೆಯೇ ಕುಕ್ಕರ್ ಇಳಿಸಬೇಕು, ಬಂದವರಿಗೆ ಕಾಫಿ ಕೊಡಬೇಕು, ಬಾಗಿಲು ಹಾಕಿಕೊಂಡು ಕೂರಲು ಬೇರೆ ಕೋಣೆ ಇರುವುದಿಲ್ಲ. ಶಾಲೆಗೂ ಮದುವೆ ಮನೆಗೂ ಕರೆದೊಯ್ಯದೆ ಬೆಳೆಸಿದ ಮಗಳು ಮೊದಲ ಬಾರಿ ಒಬ್ಬಳೇ ಹೊಸ್ತಿಲು ದಾಟುವುದು ಎಷ್ಟೋ ಕಡೆ ಕೆಲಸದ ನೆಪದಲ್ಲೇ. ಕಿವಿ ಕೇಳದವರು ಎದುರಿದ್ದವರ ತುಟಿ ನೋಡಿ, ಪಕ್ಕದವರನ್ನು ಕೇಳಿ ತಿಳಿದುಕೊಳ್ಳುವುದು ಬಹಳ. ಕನ್ನಡ, ಇಂಗ್ಲಿಷ್ ಬೆರೆಸಿ ಆಡುವ ಆನ್‌ಲೈನ್ ಸಭೆಯಲ್ಲಿ ಯಂತ್ರ ಮೂಡಿಸುವ ಅಕ್ಷರಗಳು ಅರ್ಧಕ್ಕರ್ಧ ತಪ್ಪುತ್ತವೆ. ಬಡ್ತಿಯ ಮಾತು ಬಂದಾಗ ಕಣ್ಣೆದುರು ಇಲ್ಲದವರ ಹೆಸರು ನೆನಪಾಗುವುದೂ ತಡವಾಗಿಯೇ.

ಇನ್ನು ಈ ಹಕ್ಕು ಯಾರಿಗೆ ದಕ್ಕುತ್ತದೆ? 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದು, ಅವರಲ್ಲಿ ಶೇ 69ರಷ್ಟು ಜನ ಹಳ್ಳಿಗಳಲ್ಲಿದ್ದರು. ದುಡಿಮೆಯಲ್ಲಿ ತೊಡಗಿದ್ದವರು ಶೇ 36 ಮಾತ್ರ. ಹೊಲಿಗೆ ಕಾರ್ಖಾನೆಯವರಿಗೆ, ಅಂಗನವಾಡಿಯವರಿಗೆ, ಪಂಚಾಯಿತಿ ಕಚೇರಿಯ ಜವಾನರಿಗೆ ಇದರಿಂದ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಹತ್ತಲಾಗುವ ಬಸ್ಸು, ನಡೆಯಲಾಗುವ ಫುಟ್‌ಪಾತು, ಔಷಧಿಗೆ ಹೋಗಿಬರಲು ರಜೆ.

ಮನೆಯಿಂದ ಕೆಲಸ ಈಗಿರುವ ಹೊಂದಾಣಿಕೆಗಳಲ್ಲಿ ಒಂದಾಗಿ, ನೌಕರನ ಆಯ್ಕೆಯಾಗಿ ಇರಲಿ. ಕಚೇರಿಯಲ್ಲಿ ಅವರ ಮೇಜು ಹಾಗೆಯೇ ಉಳಿದಿರಲಿ. ಕಾಯ್ದೆ ಎಲ್ಲ ಸಂಸ್ಥೆಗಳಿಗೂ ಕಡ್ಡಾಯ ಮಾಡಿರುವ, ಅಂಗವಿಕಲರಿಗಾಗಿ ಏನು ಮಾಡುತ್ತೇವೆಂದು ತಿಳಿಸುವ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿದವರೆಷ್ಟು, ಪ್ರಕಟಿಸದವರೆಷ್ಟು ಎಂದು ಆಯುಕ್ತರು ಮೊದಲು ಪರಿಶೀಲಿಸಲಿ. ಯಾವುದೇ ನೌಕರರಿಗೆ ಮನೆಯಿಂದ ಕೆಲಸ ಮಾಡಲು ಅನುಮತಿ ಕೊಡುವ ಪತ್ರದಲ್ಲೇ, ಕಚೇರಿಯಲ್ಲಿ ಏನೇನು ಸರಿಪಡಿಸಿದ್ದರೆ ಅವರು ಬರಲು ಆಗುತ್ತಿತ್ತು, ಅದನ್ನು ಯಾವ ದಿನಾಂಕದೊಳಗೆ ಸರಿಪಡಿಸಲಾಗುವುದು ಎಂಬುದನ್ನೂ ಉದ್ಯೋಗದಾತರು ಬರೆದು ಸಹಿ ಹಾಕಬೇಕು.